ಕೈಗೆ ಸಿಗುವ ಪದ, ಸಿಗದ ಪದ: ಇಂಗ್ಲಿಷಿನ ಕಾಂಕ್ರೀಟ್ ಮತ್ತು ಅಬ್‌ಸ್ಟ್ರಾಕ್ಟ್ ನಾಮಪದಗಳು

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. 'ಎಲೆಕ್ಟ್ರಾನ್' ಅನ್ನೋದು ಕಾಂಕ್ರೀಟ್ ನೌನೋ, ಅಬ್‌ಸ್ಟ್ರಾಕ್ಟ್ ನೌನೋ?

ಶಾಲೆಯಲ್ಲಿ ಇದಕ್ಕೆ ಸುಲಭದ ಸೂತ್ರ ಒಂದಿತ್ತು. ಕಣ್ಣಿಗೆ ಕಾಣುವುದು, ಕೈಗೆ ಸಿಗುವುದು ಕಾಂಕ್ರೀಟ್. ಮನಸ್ಸಿಗೆ ಮಾತ್ರ ತಿಳಿಯುವುದು ಅಬ್‌ಸ್ಟ್ರಾಕ್ಟ್. ಕಲ್ಲು, ಹಸು, ಟೇಬಲ್ ಒಂದು ಕಡೆ. ಆನೆಸ್ಟಿ, ಬ್ರೇವರಿ, ಫ್ರೀಡಮ್ ಇನ್ನೊಂದು ಕಡೆ. ಪರೀಕ್ಷೆಯಲ್ಲಿ ಎರಡು ಅಂಕ ಬಂತು, ಅಲ್ಲಿಗೆ ಮುಗೀತು.

ಆದರೆ ಎಂಜಿನಿಯರಿಂಗಿಗೆ ಬಂದ ಮೇಲೆ ನಮ್ಮ ಬಾಯಲ್ಲಿ ದಿನಾ ಓಡಾಡುವ ಪದಗಳನ್ನು ನೋಡಿ: ವೋಲ್ಟೇಜ್, ಸ್ಟ್ರೆಸ್, ಎಫಿಶಿಯೆನ್ಸಿ, ಡೇಟಾ, ಸಾಫ್ಟ್‌ವೇರ್, ಟಾಲರೆನ್ಸ್, ಡಿಸೈನ್. ಇವನ್ನು ಆ ಸೂತ್ರದಲ್ಲಿ ಹಾಕಿದರೆ ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಎಲೆಕ್ಟ್ರಾನನ್ನು ಯಾರೂ ಕಣ್ಣಾರೆ ಕಂಡಿಲ್ಲ. ಹಾಗಂತ ಅದನ್ನು 'ಪ್ರಾಮಾಣಿಕತೆ'ಯ ಪಕ್ಕ ಕೂರಿಸೋಕೆ ಮನಸ್ಸು ಒಪ್ಪುತ್ತಾ?

ಇದು ಬರೀ ವ್ಯಾಕರಣದ ತಕರಾರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಈ ಎರಡು ಬಗೆಯ ಪದಗಳಲ್ಲಿ ಯಾವುದನ್ನು ಎಲ್ಲಿ ಬಳಸುತ್ತೀವಿ ಅನ್ನೋದರ ಮೇಲೆ ನಮ್ಮ ಲ್ಯಾಬ್ ರೆಕಾರ್ಡು, ಪ್ರಾಜೆಕ್ಟ್ ರಿಪೋರ್ಟು, ರೆಸ್ಯೂಮೆ ಎಲ್ಲದರ ಹಣೆಬರಹ ನಿಂತಿದೆ. ಅದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಹೆಸರಿನ ಒಳಗೇನಿದೆ?

ಎರಡೂ ಪದಗಳು ಲ್ಯಾಟಿನ್ ಮೂಲದವು. 'ಅಬ್‌ಸ್ಟ್ರಾಕ್ಟ್' ಬಂದದ್ದು 'ಎಳೆದು ಬೇರೆ ಮಾಡು' ಎಂಬರ್ಥದ ಕ್ರಿಯಾಪದದಿಂದ. ಅದರೊಳಗಿನ 'ಟ್ರಾಕ್ಟ್' ನಮಗೆ ಹೊಸದಲ್ಲ. ಎಳೆಯುವ ಗಾಡಿ ಟ್ರಾಕ್ಟರ್, ಹೊರಗೆ ಎಳೆದದ್ದು ಎಕ್ಸ್‌ಟ್ರಾಕ್ಟ್, ಕಳೆದದ್ದು ಸಬ್‌ಟ್ರಾಕ್ಟ್. ಪ್ರಾಜೆಕ್ಟ್ ರಿಪೋರ್ಟಿನ ಮೊದಲಲ್ಲಿ ಬರೆಯುವ 'ಅಬ್‌ಸ್ಟ್ರಾಕ್ಟ್' ಕೂಡ ಇದೇ ಪದ: ಇಡೀ ವರದಿಯಿಂದ ಎಳೆದು ತೆಗೆದ ಸಾರ.

'ಕಾಂಕ್ರೀಟ್' ಬಂದದ್ದು 'ಕೂಡಿ ಬೆಳೆ, ಗಟ್ಟಿಯಾಗು' ಎಂಬರ್ಥದ ಪದದಿಂದ. ಸಿವಿಲ್‌ನವರಿಗೆ ಇದನ್ನು ವಿವರಿಸಬೇಕಿಲ್ಲ. ಸಿಮೆಂಟು, ಮರಳು, ಜಲ್ಲಿ, ನೀರು ನಾಲ್ಕೂ ಬೇರೆಬೇರೆ ಇದ್ದಾಗ ಅವು ಕಾಂಕ್ರೀಟ್ ಅಲ್ಲ. ಕೂಡಿ ಗಟ್ಟಿಯಾದ ಮೇಲಷ್ಟೇ ಕಾಂಕ್ರೀಟ್. ವ್ಯಾಕರಣದ ಕಾಂಕ್ರೀಟ್ ನಾಮಪದವೂ ಹಾಗೇ. ಒಂದು ಮೆಣಸಿನಕಾಯಿಯಲ್ಲಿ ಬಣ್ಣ, ಖಾರ, ಆಕಾರ, ತೂಕ ಎಲ್ಲ ಒಟ್ಟಿಗೆ ಅಂಟಿಕೊಂಡಿವೆ. ಒಂದನ್ನು ಬಿಟ್ಟು ಒಂದು ಕೈಗೆ ಬರಲ್ಲ.

ಈಗ ಕೆಂಪು ಮೆಣಸಿನಕಾಯಿ, ಕೆಂಪು ಬಸ್ಸು, ಬ್ರೆಡ್‌ಬೋರ್ಡ್ ಮೇಲಿನ ಕೆಂಪು ಎಲ್‌ಇಡಿ, ಈ ಮೂರನ್ನೂ ಎದುರಿಗೆ ಇಟ್ಟುಕೊಳ್ಳಿ. ಮೂರಕ್ಕೂ ಸಮಾನವಾದ ಒಂದು ಗುಣವನ್ನು ಮನಸ್ಸಿನಲ್ಲಿ ಎಳೆದು ಬೇರೆ ಮಾಡಿ, ಅದಕ್ಕೇ ಒಂದು ಹೆಸರು ಕೊಡಿ: 'ರೆಡ್‌ನೆಸ್'. ಅದೇ ಅಬ್‌ಸ್ಟ್ರಾಕ್ಟ್ ನೌನ್. ಅದು ಎಲ್ಲೂ ಒಂಟಿಯಾಗಿ ಸಿಗಲ್ಲ. ಯಾವುದಾದರೂ ವಸ್ತುವಿನ ಮೇಲೆ ಕೂತೇ ಇರಬೇಕು.

ಕನ್ನಡ ವ್ಯಾಕರಣದಲ್ಲಿ ಇದಕ್ಕೆ ಹತ್ತಿರದ ಹೆಸರು 'ಭಾವನಾಮ'. ಹೈಸ್ಕೂಲಿನಲ್ಲಿ ಓದಿದ್ದು ನೆನಪಿರಬಹುದು. ಜಾಣ–ಜಾಣತನ, ಹಿರಿದು–ಹಿರಿಮೆ ತದ್ಧಿತಾಂತ ಭಾವನಾಮಗಳು. ಓಡು–ಓಟ, ನೋಡು–ನೋಟ ಕೃದಂತ ಭಾವನಾಮಗಳು. ಅಂದರೆ ಗುಣದಿಂದಲೋ ಕ್ರಿಯೆಯಿಂದಲೋ ಒಂದು ಹೆಸರು ಎಳೆದು ತೆಗೆಯುವ ಕೆಲಸ ನಮ್ಮ ಭಾಷೆಗೂ ಹಳೆಯದೇ.

ಬಾಲ ನೋಡಿ ಗುರುತಿಸೋದು

ಕನ್ನಡದಲ್ಲಿ -ತನ, -ಮೆ, -ಇಕೆ, -ತೆ ಇರುವ ಹಾಗೆ ಇಂಗ್ಲಿಷಿನಲ್ಲೂ ಕೆಲವು ಬಾಲಗಳಿವೆ. ಪದದ ಕೊನೆಯಲ್ಲಿ ಇವು ಕಂಡರೆ ಬಹುತೇಕ ಅಬ್‌ಸ್ಟ್ರಾಕ್ಟ್ ನೌನ್ ಅಂತ ಊಹಿಸಬಹುದು.

• -ನೆಸ್: ಹಾರ್ಡ್‌ನೆಸ್, ಸ್ಟಿಫ್‌ನೆಸ್, ಥಿಕ್‌ನೆಸ್
• -ಇಟಿ: ಡೆನ್ಸಿಟಿ, ವಿಸ್ಕಾಸಿಟಿ, ಕಾಂಪ್ಲೆಕ್ಸಿಟಿ
• -ಶನ್: ರೊಟೇಶನ್, ಆಕ್ಸಿಲರೇಶನ್, ವೈಬ್ರೇಶನ್
• -ಮೆಂಟ್: ಮೆಷರ್‌ಮೆಂಟ್, ಡಿಸ್‌ಪ್ಲೇಸ್‌ಮೆಂಟ್
• -ಅನ್ಸ್, -ಎನ್ಸ್: ಟಾಲರೆನ್ಸ್, ಟರ್ಬ್ಯುಲೆನ್ಸ್
• -ಥ್: ಲಾಂಗ್‌ನಿಂದ ಲೆಂತ್, ವೈಡ್‌ನಿಂದ ವಿಡ್ತ್, ಡೀಪ್‌ನಿಂದ ಡೆಪ್ತ್, ಸ್ಟ್ರಾಂಗ್‌ನಿಂದ ಸ್ಟ್ರೆಂತ್

ಪಟ್ಟಿ ಓದಿದರೆ ಒಂದು ವಿಷಯ ತಾನಾಗೇ ಕಾಣುತ್ತೆ. ಮೆಕ್ಯಾನಿಕ್ಸ್ ಪುಸ್ತಕದ ಅನುಕ್ರಮಣಿಕೆ ತೆಗೆದರೂ ಇವೇ ಸಿಗುತ್ತವೆ! ಅಬ್‌ಸ್ಟ್ರಾಕ್ಟ್ ನೌನ್ ಅಂದ್ರೆ ಪ್ರೀತಿ, ದಯೆ, ಕರುಣೆ ಅಂತ ಶಾಲೆಯಲ್ಲಿ ಕಲಿತಿದ್ದೆವು. ಆದರೆ ಎಂಜಿನಿಯರಿಂಗಿನಷ್ಟು ಅಬ್‌ಸ್ಟ್ರಾಕ್ಟ್ ನೌನ್ ಬೇಡುವ ವಿಷಯ ಅಪರೂಪ. ನಾವು ಅಳೆಯುವುದೆಲ್ಲ ಅವೇ. ಕಂಬಿಯನ್ನು ಯಾರೂ ಅಳೆಯಲ್ಲ, ಕಂಬಿಯ ಉದ್ದವನ್ನು, ದಪ್ಪವನ್ನು, ಬಲವನ್ನು ಅಳೆಯುತ್ತಾರೆ.

ಇದಕ್ಕೆ ಅತ್ಯಂತ ಚೆಂದದ ಉದಾಹರಣೆ ಎಲೆಕ್ಟ್ರಿಕಲ್‌ನಲ್ಲಿದೆ. ರೆಸಿಸ್ಟರ್, ರೆಸಿಸ್ಟೆನ್ಸ್, ರೆಸಿಸ್ಟಿವಿಟಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರೋಧಕ, ರೋಧ, ರೋಧಶೀಲತೆ. ರೆಸಿಸ್ಟರ್ ಕೈಗೆ ಸಿಗುವ ವಸ್ತು, ಕಾಂಕ್ರೀಟ್ ನೌನ್. ರೆಸಿಸ್ಟೆನ್ಸ್ ಆ ವಸ್ತುವಿನ ಗುಣ. ತಂತಿಯ ಉದ್ದ ಜಾಸ್ತಿಯಾದರೆ ಅದೂ ಜಾಸ್ತಿ. ರೆಸಿಸ್ಟಿವಿಟಿ ಇನ್ನೊಂದು ಮೆಟ್ಟಿಲು ಮೇಲೆ. ಅದು ಈ ತಂತಿಯದ್ದೂ ಅಲ್ಲ, ಆ ತಂತಿಯದ್ದೂ ಅಲ್ಲ, ತಾಮ್ರ ಎಂಬ ಪದಾರ್ಥದ್ದು. ನೀವು ಒಂದು ಗೇಣು ತಂತಿ ತಗೊಳ್ಳಿ, ಒಂದು ಕಿಲೋಮೀಟರ್ ತಗೊಳ್ಳಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾಮ್ರದ ರೆಸಿಸ್ಟಿವಿಟಿ ಸುಮಾರು 1.7 × 10⁻⁸ ಓಮ್-ಮೀಟರ್. ಒಂದೇ ಧಾತುವಿನಿಂದ ಎರಡು ಸಲ ಎಳೆದು ತೆಗೆದಿದ್ದಾರೆ: ಮೊದಲು ವಸ್ತುವಿನಿಂದ ಗುಣ, ಆಮೇಲೆ ಆ ಗುಣದಿಂದ ವಸ್ತುವಿನ ಆಕಾರವನ್ನೂ ಕಳೆದು ಉಳಿದದ್ದು.

ಈ ವ್ಯವಸ್ಥೆ ಆಕಸ್ಮಿಕವಾಗಿ ಬಂದದ್ದಲ್ಲ. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಅನ್ನೋರು 16ನೇ ವಯಸ್ಸಿಗೇ ಶಾಲೆ ಬಿಟ್ಟು, ಟೆಲಿಗ್ರಾಫ್ ಕೆಲಸ ಮಾಡಿ, ತಾವೇ ಓದಿ ವಿಜ್ಞಾನಿಯಾದವರು. 1880ರ ದಶಕದಲ್ಲಿ ಇಂಪೀಡೆನ್ಸ್, ಇಂಡಕ್ಟೆನ್ಸ್, ಕಂಡಕ್ಟೆನ್ಸ್, ರಿಲಕ್ಟೆನ್ಸ್ ಮುಂತಾದ ಪದಗಳನ್ನು ಚಲಾವಣೆಗೆ ತಂದವರು ಅವರೇ. ಬಾಲ ಯಾವುದಿರಬೇಕು ಅನ್ನೋದನ್ನೂ ಅವರು ಯೋಚಿಸಿಯೇ ಇಟ್ಟರು: ವಸ್ತುವಿನ ಗುಣಕ್ಕೆ ಒಂದು, ಪದಾರ್ಥದ ಗುಣಕ್ಕೆ ಇನ್ನೊಂದು. ಕೆಪ್ಯಾಸಿಟೆನ್ಸ್‌ಗೆ ಅವರು ಇಟ್ಟಿದ್ದ ಹೆಸರು 'ಪರ್ಮಿಟೆನ್ಸ್'. ಅದು ನಿಲ್ಲಲಿಲ್ಲ, ಆದರೆ ಅದರ ಜೋಡಿ 'ಪರ್ಮಿಟಿವಿಟಿ' ಇವತ್ತಿಗೂ ನಮ್ಮ ಫೀಲ್ಡ್ ಥಿಯರಿ ಪುಸ್ತಕದಲ್ಲಿದೆ. ಒಳ್ಳೆಯ ಅಬ್‌ಸ್ಟ್ರಾಕ್ಟ್ ನೌನ್ ಒಂದನ್ನು ಕಟ್ಟೋದು ಅಂದ್ರೆ ಒಂದು ಒಳ್ಳೆಯ ಸಲಕರಣೆ ಕಟ್ಟಿದ ಹಾಗೇ.

ಗೆರೆ ಎಲ್ಲಿ ಎಳೆಯೋದು?

ಈಗ ಎಲೆಕ್ಟ್ರಾನಿಗೆ ವಾಪಸ್ ಬರೋಣ. 'ಕಣ್ಣಿಗೆ ಕಾಣಬೇಕು' ಎಂಬ ಸೂತ್ರ ಮೊದಲೇ ಕುಂಟುತ್ತೆ. ಗಾಳಿ ಕಾಣಲ್ಲ, ಆದರೆ ಮೈಗೆ ತಾಗುತ್ತೆ, 'ಏರ್' ಕಾಂಕ್ರೀಟ್. ಗ್ಯಾಸ್ ಲೀಕಾದರೆ ಕಾಣಲ್ಲ, ವಾಸನೆ ಬರುತ್ತೆ, ಅದೂ ಕಾಂಕ್ರೀಟ್. ಅದಕ್ಕೇ ವ್ಯಾಕರಣ ಪುಸ್ತಕಗಳು ಸೂತ್ರವನ್ನು ಸ್ವಲ್ಪ ಹಿಗ್ಗಿಸಿ 'ಪಂಚೇಂದ್ರಿಯಗಳಲ್ಲಿ ಯಾವುದಾದರೂ ಒಂದಕ್ಕೆ ಸಿಕ್ಕರೆ ಸಾಕು' ಅನ್ನುತ್ತವೆ. ಶಾಲೆಗೆ ಅಷ್ಟು ಸಾಕು. ಎಲೆಕ್ಟ್ರಾನ್ ಆ ಐದಕ್ಕೂ ನೇರವಾಗಿ ಸಿಗಲ್ಲ.

ಹಾಗಾಗಿ ತತ್ವಶಾಸ್ತ್ರದವರು ಬಳಸುವ ಇನ್ನೊಂದು ಅಳತೆಗೋಲು ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತೆ. ಪ್ರಶ್ನೆ ಎರಡು. ಅದು ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಇರುತ್ತಾ? ಅದು ಇನ್ನೊಂದನ್ನು ತಳ್ಳೋದು, ಸುಡೋದು, ಬಗ್ಗಿಸೋದು ಇಂಥದ್ದೇನಾದರೂ ಮಾಡುತ್ತಾ? ಎರಡಕ್ಕೂ ಹೌದು ಅಂದರೆ ಕಾಂಕ್ರೀಟ್. ಎಲೆಕ್ಟ್ರಾನ್ ಹಳೇ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ ಓಡಿ ಪರದೆಗೆ ಬಡಿದು ಬೆಳಕು ಹುಟ್ಟಿಸುತ್ತಿತ್ತು. ಆದ್ದರಿಂದ ಅದು ಕಾಂಕ್ರೀಟ್ ಪಾಳಯದ್ದೇ. ಆದರೆ '7' ಎಂಬ ಸಂಖ್ಯೆ ಎಲ್ಲಿದೆ? ಬೋರ್ಡಿನ ಮೇಲೆ ಬರೆದ ಸೀಮೆಸುಣ್ಣದ ಗುರುತನ್ನು ಅಳಿಸಬಹುದು, ಏಳನ್ನು ಅಳಿಸೋಕಾಗಲ್ಲ. ಗುರುತು ಕಾಂಕ್ರೀಟ್, ಸಂಖ್ಯೆ ಅಬ್‌ಸ್ಟ್ರಾಕ್ಟ್.

ಇನ್ನೊಂದು ಮಜಾ ನೋಡಿ. ಒಂದೇ ಪದ ಎರಡೂ ಕಡೆ ಕೂರಬಹುದು. 'ಈ ಬುಕ್ ಒಂದೂವರೆ ಕೆಜಿ ಇದೆ' ಅಂದಾಗ ಬುಕ್ ಕಾಂಕ್ರೀಟ್. 'ಈ ಬುಕ್ ಹತ್ತು ಭಾಷೆಗೆ ಅನುವಾದ ಆಗಿದೆ' ಅಂದಾಗ? ಅನುವಾದವಾಗಿದ್ದು ನಿಮ್ಮ ಬ್ಯಾಗಿನಲ್ಲಿರುವ ಆ ಪ್ರತಿ ಅಲ್ಲ, ಅದರೊಳಗಿನ ಕೃತಿ. ಅದು ಅಬ್‌ಸ್ಟ್ರಾಕ್ಟ್. ಸಾಫ್ಟ್‌ವೇರ್ ಕಥೆಯೂ ಇದೇ. ನಿಮ್ಮ ಫೋನಿನ ಮೆಮೊರಿಯಲ್ಲಿ ಕೂತಿರುವ ಆ್ಯಪಿನ ಪ್ರತಿ ಜಾಗ ಹಿಡಿಯುತ್ತೆ. ಫೋನ್ ನೀರಿಗೆ ಬಿದ್ದರೆ ಪ್ರತಿ ಹೋಗುತ್ತೆ, ಆ್ಯಪ್ ಹೋಗಲ್ಲ. 'ಅಮ್ಮ ಅಮ್ಮ ಅಮ್ಮ' ಅಂತ ಬರೆದರೆ ಪದ ಒಂದೋ ಮೂರೋ? ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ 1906ರಲ್ಲಿ ಈ ವ್ಯತ್ಯಾಸಕ್ಕೆ ಟೈಪ್ ಮತ್ತು ಟೋಕನ್ ಅಂತ ಹೆಸರಿಟ್ಟರು. ಟೈಪ್ ಒಂದು, ಟೋಕನ್ ಮೂರು.

ಹಾಗೇ 'ಬಿಲ್ಡಿಂಗ್', 'ಡ್ರಾಯಿಂಗ್', 'ಕನೆಕ್ಷನ್', 'ಇನ್ವೆನ್ಶನ್' ಇಂಥವು ಮೊದಲು ಕ್ರಿಯೆಯ ಹೆಸರು, ಆಮೇಲೆ ಕ್ರಿಯೆಯಿಂದ ಹುಟ್ಟಿದ ವಸ್ತುವಿನ ಹೆಸರು. 'ಡ್ರಾಯಿಂಗ್ ಕಷ್ಟ' ಅನ್ನೋದು ಅಬ್‌ಸ್ಟ್ರಾಕ್ಟ್. 'ಡ್ರಾಯಿಂಗ್ ಮೇಲೆ ಕಾಫಿ ಚೆಲ್ತು' ಅನ್ನೋದು ಕಾಂಕ್ರೀಟ್. ಅದಕ್ಕೇ ಪದವನ್ನು ಒಂಟಿಯಾಗಿ ಇಟ್ಟು 'ಇದು ಯಾವ ಬಗೆ' ಅಂತ ಕೇಳಬಾರದು. ವಾಕ್ಯದಲ್ಲಿ ಇಟ್ಟು ಕೇಳಬೇಕು.

ಮೊದಲ ಗೊಂದಲ: ಸಾಮಾನ್ಯ ಬೇರೆ, ಅಮೂರ್ತ ಬೇರೆ

ಕಂಪ್ಯೂಟರ್ ಸೈನ್ಸಿನವರು ಬೀಳುವ ಗುಂಡಿ ಇದು. ಜಾವಾದಲ್ಲಿ 'ವೆಹಿಕಲ್' ಅಂತ ಅಬ್‌ಸ್ಟ್ರಾಕ್ಟ್ ಕ್ಲಾಸ್ ಬರೆದು, ಅದರಿಂದ ನೇರವಾಗಿ ಆಬ್ಜೆಕ್ಟ್ ಮಾಡೋಕೆ ಹೋದರೆ ಕಂಪೈಲರ್ ಬೈಯುತ್ತೆ. ಕಾರ್, ಬಸ್ ಅಂತ ಕೆಳಗಿನ ಕ್ಲಾಸ್ ಬೇಕು. ಹಾಗಾದ್ರೆ 'ವೆಹಿಕಲ್' ಅಬ್‌ಸ್ಟ್ರಾಕ್ಟ್ ನೌನಾ?

ಅಲ್ಲ. ಇಲ್ಲಿ ಎರಡು ಬೇರೆ ವಿಷಯ ಸೇರಿಕೊಂಡಿವೆ. ಒಂದು, ಪದ ಎಷ್ಟು ವ್ಯಾಪಕ ಅನ್ನೋದು. ಇನ್ನೊಂದು, ಅದು ವಸ್ತುವನ್ನು ಹೆಸರಿಸುತ್ತಾ, ಗುಣವನ್ನು ಹೆಸರಿಸುತ್ತಾ ಅನ್ನೋದು. 'ವೆಹಿಕಲ್' ತುಂಬಾ ವ್ಯಾಪಕ ಪದ, ನಿಜ. ಆದರೆ ಯಾವುದೇ ವೆಹಿಕಲ್‌ಗೂ ತೂಕ ಇದೆ, ಅದು ರಸ್ತೆಯಲ್ಲಿ ಜಾಗ ಹಿಡಿಯುತ್ತೆ. ವ್ಯಾಕರಣಕ್ಕೆ ಅದು ಕಾಂಕ್ರೀಟ್. 'ಸ್ಪೀಡ್' ಅಬ್‌ಸ್ಟ್ರಾಕ್ಟ್, ಏಕೆಂದರೆ ಅದನ್ನು ವಾಹನದಿಂದ ಬಿಡಿಸಿ ಪಾರ್ಕಿಂಗಿನಲ್ಲಿ ನಿಲ್ಲಿಸೋಕಾಗಲ್ಲ.

ಆದರೂ ವ್ಯಾಪಕತೆಯ ಏಣಿಯನ್ನು ಗಮನದಲ್ಲಿಡಿ. 'ಮೂರನೇ ಬೆಂಚಿನ ಡಿಸ್‌ಪ್ಲೇ ಒಡೆದ ಮಲ್ಟಿಮೀಟರ್' ಏಣಿಯ ಬುಡ. ಅದರ ಮೇಲೆ 'ಮಲ್ಟಿಮೀಟರ್', ಆಮೇಲೆ 'ಇನ್‌ಸ್ಟ್ರುಮೆಂಟ್', ಆಮೇಲೆ 'ಇಕ್ವಿಪ್‌ಮೆಂಟ್', ತುದಿಯಲ್ಲಿ ಅಕೌಂಟ್ಸ್‌ನವರ 'ಅಸೆಟ್'. ಮೇಲೆ ಹೋದಷ್ಟೂ ಹೆಚ್ಚು ವಸ್ತುಗಳು ಒಂದೇ ಪದದಲ್ಲಿ ಹಿಡಿಸುತ್ತವೆ, ಆದರೆ ಓದುವವನ ಕಣ್ಣ ಮುಂದಿನ ಚಿತ್ರ ಮಸುಕಾಗುತ್ತೆ. 'ಲ್ಯಾಬಿನಲ್ಲಿ ಇಕ್ವಿಪ್‌ಮೆಂಟ್ ಸಮಸ್ಯೆ ಇದೆ' ಅಂತ ಅರ್ಜಿ ಬರೆದರೆ ಯಾರೂ ಬರಲ್ಲ. ಬೆಂಚಿನ ನಂಬರು ಬರೆದರೆ ಬರುತ್ತಾರೆ.

ಎರಡನೇ ಗೊಂದಲ: ಎಣಿಸೋದು, ಎಣಿಸಲಾಗದ್ದು

'ಅಬ್‌ಸ್ಟ್ರಾಕ್ಟ್ ನೌನ್‌ಗಳನ್ನು ಎಣಿಸೋಕಾಗಲ್ಲ, ಕಾಂಕ್ರೀಟ್ ನೌನ್‌ಗಳನ್ನು ಎಣಿಸಬಹುದು' ಎಂಬ ನಂಬಿಕೆ ತುಂಬಾ ಜನರಲ್ಲಿದೆ. ಅದು ಸರಿಯಲ್ಲ. ನಾಲ್ಕೂ ಬಗೆ ಇವೆ.

1. ಕಾಂಕ್ರೀಟ್, ಎಣಿಸಬಹುದು: ಬೋಲ್ಟ್, ಗೇರ್, ಸೆನ್ಸರ್.
2. ಕಾಂಕ್ರೀಟ್, ಎಣಿಸುವ ಹಾಗಿಲ್ಲ: ಸಿಮೆಂಟ್, ಸ್ಯಾಂಡ್, ಇಕ್ವಿಪ್‌ಮೆಂಟ್, ಮಶಿನರಿ, ಫರ್ನಿಚರ್.
3. ಅಬ್‌ಸ್ಟ್ರಾಕ್ಟ್, ಎಣಿಸಬಹುದು: ಐಡಿಯಾ, ಎರರ್, ಮೆಥಡ್, ಪ್ರಾಬ್ಲಮ್.
4. ಅಬ್‌ಸ್ಟ್ರಾಕ್ಟ್, ಎಣಿಸುವ ಹಾಗಿಲ್ಲ: ಇನ್‌ಫರ್ಮೇಶನ್, ಅಡ್ವೈಸ್, ನಾಲೆಜ್, ರಿಸರ್ಚ್, ಪ್ರೋಗ್ರೆಸ್.

ನಮ್ಮ ಬರವಣಿಗೆಯಲ್ಲಿ ಕೆಂಪು ಶಾಯಿ ಬೀಳೋದು ಬಹುಪಾಲು ಎರಡನೇ ಮತ್ತು ನಾಲ್ಕನೇ ಸಾಲಿನಲ್ಲಿ. ಇನ್‌ಫರ್ಮೇಶನ್ಸ್, ಅಡ್ವೈಸಸ್, ಇಕ್ವಿಪ್‌ಮೆಂಟ್ಸ್, ಫರ್ನಿಚರ್ಸ್, ಸಾಫ್ಟ್‌ವೇರ್ಸ್. ಯಾಕೆ ಹೀಗಾಗುತ್ತೆ? ದಡ್ಡತನದಿಂದಲ್ಲ. ಕನ್ನಡದಲ್ಲಿ ಮಾಹಿತಿಗಳು, ಸಲಹೆಗಳು, ಉಪಕರಣಗಳು, ಪೀಠೋಪಕರಣಗಳು, ತಂತ್ರಾಂಶಗಳು, ಸಂಶೋಧನೆಗಳು ಎಲ್ಲವೂ ಸಲೀಸಾಗಿ ಸರಿ. ನಮ್ಮ ತಲೆ ಅಲ್ಲಿಯ ಬಹುವಚನವನ್ನು ಇಲ್ಲಿಗೆ ಹೊತ್ತು ತರುತ್ತೆ. ಎಣಿಸಲಾಗದ ಪದ ಅನ್ನೋ ಕಲ್ಪನೆ ನಮಗೆ ಹೊಸದೇನಲ್ಲ. ನಾವೂ 'ನೀರುಗಳು', 'ಅಕ್ಕಿಗಳು' ಅನ್ನಲ್ಲ. ಬೇಲಿ ಇಬ್ಬರಲ್ಲೂ ಇದೆ, ಹಾಕಿದ ಜಾಗ ಬೇರೆ ಅಷ್ಟೇ.

ಪರಿಹಾರ ಸುಲಭ. ಎಣಿಸಲೇಬೇಕಾದರೆ ಎಣಿಸಬಲ್ಲ ಪದವೊಂದನ್ನು ಜೊತೆಗೆ ತನ್ನಿ: 'ಎ ಪೀಸ್ ಆಫ್ ಅಡ್ವೈಸ್', 'ಟೂ ಐಟಮ್ಸ್ ಆಫ್ ಇಕ್ವಿಪ್‌ಮೆಂಟ್'. ಇಲ್ಲವೇ ಪದವನ್ನೇ ಬದಲಿಸಿ: 'ಟೂ ಸಾಫ್ಟ್‌ವೇರ್ಸ್' ಬದಲು 'ಟೂ ಪ್ರೋಗ್ರಾಮ್ಸ್', 'ಮೆನಿ ರಿಸರ್ಚಸ್' ಬದಲು 'ಮೆನಿ ಸ್ಟಡೀಸ್'. ಅಕ್ಕಿಯನ್ನು ಸೇರಿನಲ್ಲಿ ಅಳೆದು ಎಣಿಸಿದ ಹಾಗೆ.

ಇನ್ನೊಂದು ಸೂಕ್ಷ್ಮ ಇದೆ. ಎಣಿಸಲಾಗದ ಅಬ್‌ಸ್ಟ್ರಾಕ್ಟ್ ನೌನ್‌ಗೆ ಒಂದು ನಿರ್ದಿಷ್ಟ ಬೆಲೆ ಬಂದ ಕೂಡಲೇ ಅದು ಎಣಿಸುವ ಪದವಾಗುತ್ತೆ. 'ಪ್ರೆಶರ್ ಇಂಕ್ರೀಸಸ್ ವಿತ್ ಡೆಪ್ತ್' ಅಂದಾಗ ಪ್ರೆಶರ್ ಒಂದು ಸಾಮಾನ್ಯ ಗುಣ, ಹಿಂದೆ 'ಎ' ಇಲ್ಲ. 'ಎ ಪ್ರೆಶರ್ ಆಫ್ 2 ಬಾರ್' ಅಂದ ತಕ್ಷಣ 'ಎ' ಬಂತು. ಎರಡು ಬಿಂದುಗಳಲ್ಲಿ ಅಳೆದರೆ 'ಪ್ರೆಶರ್ಸ್' ಕೂಡ ಸರಿ. ಟೆಂಪರೇಚರ್, ವೋಲ್ಟೇಜ್, ರೆಸಿಸ್ಟೆನ್ಸ್ ಎಲ್ಲವೂ ಹೀಗೇ. 'ಎಕ್ಸ್‌ಪೀರಿಯನ್ಸ್' ಕೂಡ: ಕೆಲಸದ ಅನುಭವ ಅನ್ನುವಾಗ ಏಕವಚನ, ಹಾಸ್ಟೆಲಿನ ಅನುಭವಗಳು ಅನ್ನುವಾಗ ಬಹುವಚನ.

'ದಿ' ಯಾವಾಗ ಎಂಬ ತಲೆನೋವಿಗೂ ಇಲ್ಲೇ ಮದ್ದಿದೆ. ಅಬ್‌ಸ್ಟ್ರಾಕ್ಟ್ ನೌನ್ ಸಾಮಾನ್ಯವಾಗಿ ಬಂದರೆ 'ದಿ' ಬೇಡ: 'ಎಫಿಶಿಯೆನ್ಸಿ ಮ್ಯಾಟರ್ಸ್'. ಯಾರದ್ದು, ಯಾವುದರದ್ದು ಅಂತ ಕಟ್ಟಿಹಾಕಿದರೆ 'ದಿ' ಬೇಕು: 'ದಿ ಎಫಿಶಿಯೆನ್ಸಿ ಆಫ್ ದಿಸ್ ಪಂಪ್'. ಕನ್ನಡದಲ್ಲಿ ಆರ್ಟಿಕಲ್ ಇಲ್ಲದ್ದರಿಂದ ಕಿವಿಗೆ ಇದು ತಾನಾಗಿ ಹೊಳೆಯಲ್ಲ. 'ಯಾವುದರ?' ಅಂತ ಒಂದು ಸಲ ಕೇಳಿಕೊಳ್ಳೋದು ಒಳ್ಳೇ ಅಭ್ಯಾಸ.

ಅಬ್‌ಸ್ಟ್ರಾಕ್ಟ್ ಪದದ ಹಿಂದೆ ಬಚ್ಚಿಟ್ಟುಕೊಂಡ ಸಂಖ್ಯೆ

ಇಲ್ಲಿಯವರೆಗಿನದ್ದು ತಪ್ಪು-ಸರಿಯ ಮಾತು. ವ್ಯಾಕರಣ ನೂರಕ್ಕೆ ನೂರು ಸರಿಯಿದ್ದೂ ವಾಕ್ಯ ಅಪಾಯಕಾರಿ ಆಗಬಹುದು.

2003ರ ಜನವರಿ 16ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಹಾರಿತು. ಸುಮಾರು 82 ಸೆಕೆಂಡಿನ ಹೊತ್ತಿಗೆ ಇಂಧನ ಟ್ಯಾಂಕಿನ ಮೇಲಿನ ಫೋಮ್ ತುಂಡೊಂದು ಕಿತ್ತು ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿರುವಾಗಲೇ ಎಂಜಿನಿಯರುಗಳು ಈ ಪೆಟ್ಟಿನ ಬಗ್ಗೆ ಅಂದಾಜು ಮಾಡಿ, ಸ್ಲೈಡುಗಳಲ್ಲಿ ಮೇಲಿನವರಿಗೆ ತೋರಿಸಿದರು. ಅದರಲ್ಲಿ ಒಂದು ಸ್ಲೈಡಿನ ಶೀರ್ಷಿಕೆಯಲ್ಲಿ ಎದ್ದು ಕಂಡದ್ದು 'ಕನ್ಸರ್ವೇಟಿಸಮ್' ಎಂಬ ಅಬ್‌ಸ್ಟ್ರಾಕ್ಟ್ ನೌನ್. ಲೆಕ್ಕ ಸುರಕ್ಷಿತ ಪಕ್ಕಕ್ಕೇ ವಾಲಿದೆ, ಗಾಬರಿ ಬೇಡ ಅನ್ನುವ ಧ್ವನಿ. ಸ್ಲೈಡಿನ ತಳದಲ್ಲಿ, ಸಣ್ಣ ಅಕ್ಷರದ ಕೊನೆಯ ಸಾಲಿನಲ್ಲಿ ಎರಡು ಸಂಖ್ಯೆಗಳಿದ್ದವು. ಲೆಕ್ಕಕ್ಕೆ ಆಧಾರವಾದ ಹಳೆಯ ಪರೀಕ್ಷೆಯಲ್ಲಿ ಬಳಸಿದ ಫೋಮ್ ತುಂಡು 3 ಘನ ಇಂಚು. ಈ ಹಾರಾಟದಲ್ಲಿ ಬಡಿದದ್ದು, ಅವರದ್ದೇ ಅಂದಾಜಿನಂತೆ, 1920 ಘನ ಇಂಚು.

ಭಾಗಿಸಿ ನೋಡಿ, 640 ಪಟ್ಟು. 3 ಘನ ಇಂಚು ಅಂದ್ರೆ ಸುಮಾರು 50 ಮಿಲಿಲೀಟರ್, ಹೆಚ್ಚುಕಡಿಮೆ ಒಂದು ಬೈಟೂ ಕಾಫಿ. 1920 ಘನ ಇಂಚು ಅಂದ್ರೆ 31 ಲೀಟರಿಗೂ ಮಿಕ್ಕಿ, ನಮ್ಮ ಹಾಸ್ಟೆಲಿಗೆ ಬರುವ 20 ಲೀಟರ್ ನೀರಿನ ಕ್ಯಾನ್ ಒಂದೂವರೆ. ಬೈಟೂ ಕಾಫಿಯ ಅಳತೆಯ ತುಂಡನ್ನು ಹೊಡೆದು ನೋಡಿದ ಪರೀಕ್ಷೆಯಿಂದ ಒಂದೂವರೆ ಕ್ಯಾನಿನ ಪೆಟ್ಟಿನ ಬಗ್ಗೆ ಏನು ಹೇಳೋಕಾಗುತ್ತೆ? ಆ ಪ್ರಶ್ನೆ ಕೇಳಲೇಬೇಕಾದ ಸಂಖ್ಯೆಗಳು ತಳದಲ್ಲಿದ್ದವು. ಸಮಾಧಾನ ಹೇಳುವ ಪದ ತಲೆಯ ಮೇಲಿತ್ತು. ಅದೇ ಸ್ಲೈಡಿನಲ್ಲಿ 'ಸಿಗ್ನಿಫಿಕೆಂಟ್' ಎಂಬ ಪದವೂ ಅದರ ರೂಪಗಳೂ ಐದು ಸಲ ಬಂದಿವೆ, ಎಷ್ಟು ಅಂದ್ರೆ ಸಿಗ್ನಿಫಿಕೆಂಟ್ ಅಂತ ಒಂದು ಕಡೆಯೂ ಇಲ್ಲ.

ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ಕೊಲಂಬಿಯಾ ಒಡೆದು ಚೂರಾಯಿತು. ಏಳು ಜನ ಗಗನಯಾತ್ರಿಗಳು ತೀರಿಕೊಂಡರು. ಅವರಲ್ಲಿ ಒಬ್ಬರು ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಏರೋನಾಟಿಕಲ್ ಓದಿದ ಕಲ್ಪನಾ ಚಾವ್ಲಾ. ಆ ಒಂದು ಸ್ಲೈಡಿನಿಂದಲೇ ದುರಂತ ಆಯಿತು ಅಂತ ಯಾರೂ ಹೇಳಲ್ಲ, ಕಾರಣಗಳು ಹಲವು. ಆದರೆ ಅದೇ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ, ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಮಾಡಿದ ಈ ಸ್ಲೈಡಿನ ವಿಶ್ಲೇಷಣೆಯನ್ನು ತನ್ನೊಳಗೇ ಸೇರಿಸಿಕೊಂಡಿತು. ತಾಂತ್ರಿಕ ವರದಿಯ ಜಾಗದಲ್ಲಿ ಇಂಥ ಸ್ಲೈಡುಗಳನ್ನು ನೆಚ್ಚಿಕೊಳ್ಳೋದನ್ನು ಟೀಕಿಸಿತು.

ನಮ್ಮ ರಿಪೋರ್ಟಿಗೆ ಇದರಿಂದೇನು?

ಅಬ್‌ಸ್ಟ್ರಾಕ್ಟ್ ನೌನ್ ಬೇಡ ಅಂತಲ್ಲ. ಸ್ಟ್ರೆಸ್, ಎಫಿಶಿಯೆನ್ಸಿ, ರೆಸಿಸ್ಟಿವಿಟಿ ಇಲ್ಲದೆ ನಮ್ಮ ಓದೇ ಇಲ್ಲ. ಆದರೆ ಇವೆಲ್ಲ ಒಂದು ಸಂಖ್ಯೆಗೆ, ಒಂದು ಯೂನಿಟ್ಟಿಗೆ, ಒಂದು ವಸ್ತುವಿಗೆ ಕಟ್ಟಿಕೊಂಡ ಪದಗಳು. ಹಗ್ಗ ಬಿಚ್ಚಿಕೊಂಡ ಅಬ್‌ಸ್ಟ್ರಾಕ್ಟ್ ನೌನ್‌ಗಳ ಬಗ್ಗೆ ಹುಷಾರಾಗಿರಬೇಕು. ಬರೆದಾದ ಮೇಲೆ ಮೂರು ಪ್ರಶ್ನೆ ಕೇಳಿ.

ಒಂದು: ಇದರೊಳಗೆ ಒಂದು ಕ್ರಿಯಾಪದ ಸತ್ತು ಬಿದ್ದಿದೆಯಾ? 'ಮೆಷರ್‌ಮೆಂಟ್ ಆಫ್ ವೋಲ್ಟೇಜ್ ವಾಸ್ ಕ್ಯಾರೀಡ್ ಔಟ್' ಅಂತ ಬರೆದರೆ ಮೆಷರ್ ಎಂಬ ಜೀವಂತ ಕ್ರಿಯಾಪದವನ್ನು ನಾಮಪದ ಮಾಡಿ, ಅದನ್ನು ಹೊರೋಕೆ ಇನ್ನೊಂದು ಕ್ರಿಯಾಪದ ಬಾಡಿಗೆಗೆ ತಂದ ಹಾಗೆ. 'ವಿ ಮೆಷರ್ಡ್ ದಿ ವೋಲ್ಟೇಜ್' ಸಾಕು. ನಮ್ಮ ಸರ್ಕಾರಿ ಕನ್ನಡಕ್ಕೂ ಇದೇ ಕಾಯಿಲೆ: 'ಪರಿಶೀಲಿಸಿದರು' ಎನ್ನುವ ಬದಲು 'ಪರಿಶೀಲನಾ ಕಾರ್ಯವನ್ನು ಕೈಗೊಳ್ಳಲಾಯಿತು'. ಯಾರು ಮಾಡಿದರು ಅನ್ನೋದೂ ಆ ಗಲಾಟೆಯಲ್ಲಿ ಕಳೆದುಹೋಗುತ್ತೆ.

ಎರಡು: ಎಷ್ಟು? 'ಇಂಪ್ರೂವ್‌ಮೆಂಟ್ ಇನ್ ಪರ್ಫಾರ್ಮೆನ್ಸ್' ಅಂದರೆ ಓದುಗನಿಗೆ ಏನೂ ತಿಳಿಯಲ್ಲ. ರೆಸ್ಪಾನ್ಸ್ ಟೈಮ್ 40 ಮಿಲಿಸೆಕೆಂಡಿನಿಂದ 25ಕ್ಕೆ ಇಳಿಯಿತು ಅಂತ ಬರೆದರೆ ತಿಳಿಯುತ್ತೆ, ತಪ್ಪಿದ್ದರೆ ಯಾರಾದರೂ ಹಿಡಿಯಬಹುದು. ಸಂಖ್ಯೆ ಕೊಡೋದು ಅಂದ್ರೆ 'ಬೇಕಿದ್ದರೆ ಪರೀಕ್ಷಿಸಿ' ಅಂತ ಬಾಗಿಲು ತೆರೆದಿಟ್ಟ ಹಾಗೆ.

ಮೂರು: ಯಾವುದರ, ಯಾರ? 'ಡ್ಯೂ ಟು ನೆಗ್ಲಿಜೆನ್ಸ್' ಅಂದರೆ ಯಾರ ನೆಗ್ಲಿಜೆನ್ಸ್? 'ಲ್ಯಾಕ್ ಆಫ್ ಮೇಂಟೆನೆನ್ಸ್' ಅಂದರೆ ಯಾವ ಬೇರಿಂಗಿಗೆ ಎಷ್ಟು ದಿನದಿಂದ ಗ್ರೀಸ್ ಹಾಕಿಲ್ಲ?

ರೆಸ್ಯೂಮೆಗೂ ಇದೇ ಮಾತು. ಲೀಡರ್‌ಶಿಪ್, ಡೆಡಿಕೇಶನ್, ಕಮಿಟ್‌ಮೆಂಟ್, ಟೀಮ್‌ವರ್ಕ್ ಅಂತ ನಾಲ್ಕು ಅಬ್‌ಸ್ಟ್ರಾಕ್ಟ್ ನೌನ್ ಸಾಲಾಗಿ ನಿಲ್ಲಿಸಿದರೆ, ಪಕ್ಕದವನ ರೆಸ್ಯೂಮೆಯಲ್ಲೂ ಅವೇ ನಾಲ್ಕು ನಿಂತಿರುತ್ತವೆ. ಫೆಸ್ಟಿನಲ್ಲಿ ಎಷ್ಟು ಜನರ ತಂಡ ನಡೆಸಿದಿರಿ, ಯಾವ ರೋಬೋ ಕಟ್ಟಿದಿರಿ, ಮೋಟಾರ್ ಸುಟ್ಟಾಗ ಏನು ಮಾಡಿದಿರಿ, ಅದನ್ನು ಬರೆಯಿರಿ. ಲೀಡರ್‌ಶಿಪ್ ಎಂಬ ಪದವನ್ನು ಸಂದರ್ಶಕರೇ ತಮ್ಮ ಮನಸ್ಸಿನಲ್ಲಿ ಎಳೆದು ತೆಗೆದುಕೊಳ್ಳುತ್ತಾರೆ. ಎಳೆದು ತೆಗೆಯೋದು ಓದುವವರ ಕೆಲಸ. ಎಳೆಯೋಕೆ ಏನಾದರೂ ಗಟ್ಟಿಯಾದದ್ದನ್ನು ಮುಂದಿಡೋದು ಬರೆಯುವವರ ಕೆಲಸ.

ಮುಂದಿನ ಸಲ ರಿಪೋರ್ಟ್ ಸಬ್ಮಿಟ್ ಮಾಡುವ ಮೊದಲು ಒಂದು ಪುಟ ತೆಗೆದು, ಅಬ್‌ಸ್ಟ್ರಾಕ್ಟ್ ನೌನ್‌ಗಳ ಕೆಳಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ಎಷ್ಟು, ಯಾವುದರ, ಯಾರ ಎಂಬುದರಲ್ಲಿ ಒಂದಕ್ಕಾದರೂ ಉತ್ತರ ಅದೇ ಪುಟದಲ್ಲಿ ಸಿಕ್ಕರೆ ಆ ಪುಟ ಪಾಸು. ಸಿಗದಿದ್ದರೆ ಕಾಲೇಜ್ ವೈಫೈ ಹೋಗುವ ಮೊದಲು ಫೈಲ್ ತೆಗೆದು ತಿದ್ದಿ.